ಫೋನಿನ ದನಿಗೊಂದು ಮುಖ: ವಿಮಾ ಶಾಖೆಗಳ ಸಿಬ್ಬಂದಿ ಸುದ್ದಿಪತ್ರವನ್ನು ರೂಪಿಸುವುದು ಹೇಗೆ?

ವಿಮಾ ಕಂಪನಿಯ ಬೇರೆ ಬೇರೆ ಶಾಖೆಗಳಲ್ಲಿ ದುಡಿಯುವವರು ಒಬ್ಬರನ್ನೊಬ್ಬರು ಬಲ್ಲದ್ದು ಹೆಚ್ಚಾಗಿ ದನಿಯಿಂದ. ವರ್ಗವಾದ ಪಾಲಿಸಿಯ ಕಡತ ಇನ್ನೂ ಕೈಸೇರಿಲ್ಲ, ಕ್ಲೇಮ್ ಅರ್ಜಿಯಲ್ಲಿ ಒಂದು ಸಹಿ ಬಿಟ್ಟುಹೋಗಿದೆ, ನಷ್ಟವನ್ನು ಅಳೆಯುವ ಸರ್ವೇಯರ್ ಕೊಟ್ಟ ವರದಿ ಯಾರ ಮೇಜಿನ ಮೇಲಿದೆಯೋ ತಿಳಿಯುತ್ತಿಲ್ಲ. ಇಂಥವಕ್ಕೆಲ್ಲ ಹತ್ತು ವರ್ಷ ಫೋನಿನಲ್ಲಿ ಮಾತಾಡಿದವರು ಎದುರಿಗೆ ಬಂದರೆ ಗುರುತು ಸಿಗುವುದಿಲ್ಲ. ಒಮ್ಮೆ ತರಬೇತಿ ಶಿಬಿರದ ಊಟದ ಸಾಲಿನಲ್ಲಿ ನನ್ನ ಹಿಂದೆ ನಿಂತಿದ್ದ ಹೆಂಗಸು ತಟ್ಟೆ ಎಲ್ಲಿದೆ ಎಂದು ಕೇಳಿದರು. ಕಿವಿಗೆ ಆ ದನಿ ಬಿದ್ದದ್ದೇ ತಡ, ಹಳೆಯ ಗೆಳತಿ ಸಿಕ್ಕಂತಾಗಿ ತಿರುಗಿ ನೋಡಿದೆ. ಅದಕ್ಕೂ ಎರಡು ದಿನ ಮೊದಲು ಅವರ ಪಕ್ಕದಲ್ಲೇ ಕುಳಿತು ಪಾಠ ಕೇಳಿದ್ದೆ, ಇಬ್ಬರೂ ತುಟಿ ಬಿಚ್ಚಿರಲಿಲ್ಲ.

ಹಲವು ವರ್ಷ ಒಂದು ವಿಮಾ ಕಂಪನಿಯ ಶಾಖೆಗಳ ಸಿಬ್ಬಂದಿ ಸುದ್ದಿಪತ್ರವನ್ನು ನಾನು ಸಿದ್ಧಪಡಿಸಿದ್ದೇನೆ. ಈ ಕೆಲಸವನ್ನು ಯಾರೂ ಕೇಳಿ ಪಡೆಯುವುದಿಲ್ಲ. 'ನಿಮ್ಮ ಬರವಣಿಗೆ ಚೆನ್ನಾಗಿದೆ' ಎಂಬ ಒಂದು ಮಾತಿನೊಂದಿಗೆ ಅದು ತಲೆಯ ಮೇಲೆ ಬಂದು ಕೂರುತ್ತದೆ. ಹೋದ ತಿಂಗಳು ನೀವು ಬರೆದ ಟಿಪ್ಪಣಿಯಲ್ಲಿ ಕಾಗುಣಿತದ ತಪ್ಪಿರಲಿಲ್ಲ ಎಂಬುದಷ್ಟೇ ಆ ಮಾತಿನ ಅರ್ಥ. ಹಾಗೆ ಹೊಸದಾಗಿ ಸಿಕ್ಕಿಬಿದ್ದವರಿಗಾಗಿ ಈ ಬರಹ.

1. ಯಾರು ಓದಬೇಕು ಎಂಬುದನ್ನು ಮೊದಲು ಗೊತ್ತುಮಾಡಿಕೊಳ್ಳಿ

ಪ್ರಧಾನ ಕಚೇರಿ ಮೆಚ್ಚಲಿ ಎಂದು ಹೊರಡುವ ಸುದ್ದಿಪತ್ರ ಪ್ರಧಾನ ಕಚೇರಿಯಲ್ಲೇ ಉಳಿಯುತ್ತದೆ. ಪ್ರೀಮಿಯಂ ಗುರಿ ಮುಟ್ಟಿದ ಅಂಕಿಗಳು, ಹೊಸ ಯೋಜನೆಯ ವಿವರ, ಮೇಲಧಿಕಾರಿಯ ಸಂದೇಶ ಇವೆಲ್ಲ ಸುತ್ತೋಲೆಯಲ್ಲಿ ಆಗಲೇ ಬಂದಿರುತ್ತವೆ. ಅವನ್ನು ಮತ್ತೆ ಅಚ್ಚುಹಾಕಿದರೆ ಓದುಗರು ಮೊದಲ ಪುಟದಲ್ಲೇ ಕೈಬಿಡುತ್ತಾರೆ. ನಿಮ್ಮ ಓದುಗರು ಬೇರೊಂದು ಶಾಖೆಯ ಮೇಜಿನಲ್ಲಿ ಕುಳಿತು, ಸುದ್ದಿಯಲ್ಲಿರುವವರನ್ನು ದನಿಯಿಂದಲೋ ಕಡತದ ಸಹಿಯಿಂದಲೋ ಮಾತ್ರ ಬಲ್ಲವರು. ಯಾವ ಸುದ್ದಿ ಬಂದರೂ ಅವರನ್ನು ನೆನೆದು ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇದನ್ನು ಓದಿದ ಮೇಲೆ ಅವರ ಕಣ್ಣಮುಂದೆ ಒಬ್ಬ ಮನುಷ್ಯ ನಿಲ್ಲುತ್ತಾನೆಯೇ?

2. ಪ್ರತಿ ಶಾಖೆಯಲ್ಲಿ ಒಬ್ಬ ಸುದ್ದಿಗಾರರನ್ನು ಹುಡುಕಿ

ಶಾಖಾ ವ್ಯವಸ್ಥಾಪಕರನ್ನು ಮಾತ್ರ ಸುದ್ದಿಗಾರರನ್ನಾಗಿ ಮಾಡಬೇಡಿ. ಅವರಿಗೆ ಗೊತ್ತಾಗುವ ಹೊತ್ತಿಗೆ ಸುದ್ದಿ ಹಳೆಯದಾಗಿರುತ್ತದೆ. ಹಳೆಯದಾಗದಿದ್ದರೆ ಅವರ ಕೈಯಲ್ಲಿ ವರದಿಯಾಗುತ್ತದೆ. ಅವರ ಒಪ್ಪಿಗೆ ಪಡೆಯಿರಿ, ಕೆಲಸವನ್ನು ಬೇರೆಯವರಿಗೆ ಕೊಡಿ.

ನನ್ನ ಅನುಭವದಲ್ಲಿ ಒಳ್ಳೆಯ ಸುದ್ದಿ ಹುಟ್ಟುವ ಜಾಗಗಳು ಎರಡು. ಒಂದು ನಗದು ಕೌಂಟರ್, ಇನ್ನೊಂದು ಟಪಾಲು ವಿಭಾಗ. ಎಲ್ಲರೂ ದಿನಕ್ಕೊಮ್ಮೆಯಾದರೂ ಹಾದುಹೋಗುವ ಜಾಗಗಳಿವು. ಯಾರ ಮಗಳು ಯಾವ ಪರೀಕ್ಷೆಗೆ ಓದುತ್ತಿದ್ದಾಳೆ, ಯಾರು ರಜೆಯ ಅರ್ಜಿಯನ್ನು ಮೂರು ಬಾರಿ ಬರೆದು ಹರಿದರು ಎಂಬುದೆಲ್ಲ ಅಲ್ಲಿ ತಾನಾಗಿಯೇ ಬಂದು ಬೀಳುತ್ತದೆ. ನಮ್ಮ ಅತ್ಯುತ್ತಮ ಸುದ್ದಿಗಾರರು ಟಪಾಲು ವಿಭಾಗದವರಾಗಿದ್ದರು. ಹಳೆಯ ಲಕೋಟೆಗಳ ಬೆನ್ನಿಗೆ ಪೆನ್ಸಿಲಿನಲ್ಲಿ ಬರೆದು ಕಳಿಸುತ್ತಿದ್ದರು. ವಾಕ್ಯಗಳಲ್ಲಿ ಕ್ರಿಯಾಪದವೇ ಇರುತ್ತಿರಲಿಲ್ಲ, ಆದರೆ ಒಂದು ಹೆಸರೂ ತಪ್ಪುತ್ತಿರಲಿಲ್ಲ. ಬರೆಯಲು ಬರುವವರಿಗಿಂತ ಗಮನಿಸಲು ಬರುವವರು ಬೇಕು. ವಾಕ್ಯವನ್ನು ನೀವು ಸರಿಮಾಡಬಹುದು, ಕಾಣದೇ ಹೋದದ್ದನ್ನು ಯಾರೂ ಸರಿಮಾಡಲಾಗದು.

ಮಾತಿನ ಮಲ್ಲರ ವಿಷಯದಲ್ಲಿ ಎಚ್ಚರವಿರಲಿ. ಎಲ್ಲರ ಗುಟ್ಟನ್ನೂ ಬಲ್ಲವರು ಸುದ್ದಿಗಾರರಾದರೆ ಶಾಖೆಯ ಉಳಿದವರು ಬಾಯಿ ಮುಚ್ಚಿಕೊಳ್ಳುತ್ತಾರೆ.

3. ದಿನ ಗೊತ್ತುಮಾಡಿ, ಪ್ರಶ್ನೆ ಸರಿಯಾಗಿ ಕೇಳಿ

ವಿಮಾ ಕಚೇರಿಗೆ ತನ್ನದೇ ಋತುಮಾನಗಳಿವೆ. ತಿಂಗಳ ಕೊನೆಯ ವಾರ, ನವೀಕರಣಗಳು ಒಟ್ಟಿಗೆ ಬೀಳುವ ದಿನಗಳು, ಲೆಕ್ಕಪತ್ರ ಮುಗಿಸುವ ವರ್ಷಾಂತ್ಯ ಇವುಗಳಲ್ಲಿ ಯಾರನ್ನೂ ಸುದ್ದಿ ಕೇಳಬೇಡಿ. ತಿಂಗಳ ಎರಡನೆಯ ವಾರ ಎಲ್ಲರೂ ಸ್ವಲ್ಪ ಉಸಿರಾಡುವ ಹೊತ್ತು. ಕೊನೆಯ ದಿನಾಂಕವನ್ನು ಅಲ್ಲಿಡಿ, ಒಮ್ಮೆ ಇಟ್ಟ ಮೇಲೆ ಕದಲಿಸಬೇಡಿ. ತಿಂಗಳಿಗೊಂದು ಸಂಚಿಕೆ ತರುತ್ತೇವೆಂದು ಹೊರಟು ನಾಲ್ಕನೆಯದಕ್ಕೇ ದಣಿಯುವುದಕ್ಕಿಂತ ಮೂರು ತಿಂಗಳಿಗೊಂದನ್ನು ತಪ್ಪದೆ ತರುವುದು ಲೇಸು.

ಚಂಡಮಾರುತವೋ ಪ್ರವಾಹವೋ ಬಂದ ಊರಿನ ಶಾಖೆಯ ಮಾತು ಬೇರೆ. ಅಲ್ಲಿ ಕ್ಲೇಮ್ ಅರ್ಜಿಗಳು ರಾಶಿ ಬಿದ್ದಿರುತ್ತವೆ, ಅವನ್ನು ತೆಗೆದುಕೊಳ್ಳುವವರ ಸ್ವಂತ ಮನೆಗೂ ನೀರು ನುಗ್ಗಿರುತ್ತದೆ. 1906ರ ಸ್ಯಾನ್ ಫ್ರಾನ್ಸಿಸ್ಕೋ ಭೂಕಂಪದ ಬೆನ್ನಿಗೆ ಹೊತ್ತಿಕೊಂಡ ಬೆಂಕಿಯಲ್ಲಿ ಫೈರ್‌ಮನ್ಸ್ ಫಂಡ್ ಎಂಬ ವಿಮಾ ಕಂಪನಿಯ ಪ್ರಧಾನ ಕಚೇರಿಯೇ ಕಡತಗಳ ಸಮೇತ ಸುಟ್ಟುಹೋಗಿತ್ತು. ಅಗ್ನಿ ವಿಮೆಯ ಪರಿಹಾರ ಕೊಡಬೇಕಾದವರೇ ಬೂದಿಯಲ್ಲಿ ನಿಂತಿದ್ದರು. ಅಂಥ ಶಾಖೆಗೆ ಆ ತಿಂಗಳು ಪ್ರಶ್ನೆಪಟ್ಟಿ ಕಳಿಸಬೇಡಿ. ನೆರೆಯ ಶಾಖೆಯಿಂದ ಯಾರು ಅಲ್ಲಿಗೆ ನೆರವಿಗೆ ಹೋದರು, ಎಷ್ಟು ದಿನ ಇದ್ದರು, ಎಲ್ಲಿ ಮಲಗಿದರು ಎಂಬುದನ್ನು ಆಮೇಲೆ, ಎಲ್ಲ ತಣ್ಣಗಾದ ಮೇಲೆ ಕೇಳಿ ಬರೆಯಿರಿ. ನಮ್ಮ ಸುದ್ದಿಪತ್ರವನ್ನು ಜನ ಎತ್ತಿಟ್ಟುಕೊಂಡದ್ದು ಅಂಥ ಸಂಚಿಕೆಗಳಿಗಾಗಿ.

ಇನ್ನು ಪ್ರಶ್ನೆ. 'ಏನಾದರೂ ವಿಶೇಷ ಇದೆಯೇ?' ಎಂದು ಕೇಳಿದರೆ 'ಏನೂ ಇಲ್ಲ' ಎಂಬ ಉತ್ತರ ಖಚಿತ. ಬದಲಿಗೆ ಹೀಗೆ ಕೇಳಿ: ಈ ತಿಂಗಳು ನಿಮ್ಮಲ್ಲಿ ಯಾರ ಮೇಜು ಬದಲಾಯಿತು? ಊಟದ ಬಿಡುವಿನಲ್ಲಿ ಯಾವುದರ ಮಾತು ಹೆಚ್ಚು ನಡೆಯಿತು? ಯಾರು ಪರೀಕ್ಷೆ ಬರೆದರು? ಹೊಸದಾಗಿ ಬಂದವರು ಮೊದಲ ದಿನ ಏನು ತಪ್ಪು ಮಾಡಿದರು, ಅದನ್ನು ಹೇಳಿ ಅವರೇ ನಗುತ್ತಾರೆಯೇ? ಕೊನೆಯ ಪ್ರಶ್ನೆಗೆ ಬಂದ ಉತ್ತರಗಳಿಂದಲೇ ನಾನು ಒಂದು ಅಂಕಣ ನಡೆಸಿದೆ. ಹೊಸಬರೊಬ್ಬರು ಸಂಪೂರ್ಣ ಜಖಂ ಆದ ವಾಹನದ ಕಡತದಲ್ಲಿ 'ಮುಂದಿನ ವರ್ಷ ನವೀಕರಣಕ್ಕೆ ನೆನಪಿಸುವುದು' ಎಂದು ಬರೆದಿಟ್ಟಿದ್ದರು. ಅವರ ಅನುಮತಿ ಪಡೆದೇ ಅದನ್ನು ಅಚ್ಚುಹಾಕಿದೆವು, ವಾಹನ ಯಾರದೆಂಬ ಸುಳಿವು ಕೊಡದೆ.

4. ಬರೆಯುವಾಗ ಸಾಮಾನ್ಯವಾದದ್ದನ್ನು ತೆಗೆದು, ಒಬ್ಬರಿಗೆ ಮಾತ್ರ ಸಲ್ಲುವುದನ್ನು ಇಡಿ

ನಿವೃತ್ತಿಯ ಸುದ್ದಿ ಸಾಮಾನ್ಯವಾಗಿ ಹೀಗೆ ಬರುತ್ತದೆ:

'ನಮ್ಮ ಶಾಖೆಯ ಹಿರಿಯ ಸಹಾಯಕರು ಸುದೀರ್ಘ ಹಾಗೂ ಪ್ರಾಮಾಣಿಕ ಸೇವೆ ಸಲ್ಲಿಸಿ ವಯೋನಿವೃತ್ತಿ ಹೊಂದಿದರು. ಅವರ ನಿವೃತ್ತ ಜೀವನ ಸುಖಕರವಾಗಿರಲಿ ಎಂದು ಹಾರೈಸುತ್ತೇವೆ.'

ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಹೆಸರು ಬದಲಿಸಿದರೆ ಇದು ಯಾವ ಶಾಖೆಯ ಯಾರಿಗೂ ಹೊಂದುತ್ತದೆ. ಸುದ್ದಿಗಾರರಿಗೆ ಫೋನ್ ಮಾಡಿ, 'ಅವರ ಕೈಯಲ್ಲಿ ಸದಾ ಏನಿರುತ್ತಿತ್ತು?' ಎಂದು ಕೇಳಿದೆ. ಆಮೇಲೆ ಸುದ್ದಿ ಹೀಗಾಯಿತು:

'ಕಡತದ ಎಡ ಮೂಲೆಯಲ್ಲಿ ಹಸಿರು ಪೆನ್ಸಿಲಿನ ಸಣ್ಣ ಚುಕ್ಕೆ ಕಂಡಿದ್ದರೆ, ಅದು ಇವರು ಎರಡನೆಯ ಬಾರಿ ಓದಿ ಮುಗಿಸಿದ ಗುರುತು. 34 ವರ್ಷಗಳ ಆ ಚುಕ್ಕೆ ತಿಂಗಳ ಕೊನೆಯ ದಿನ ನಿಂತಿತು. ಪೆನ್ಸಿಲನ್ನು ಪಕ್ಕದ ಮೇಜಿನವರಿಗೆ ಕೊಟ್ಟುಹೋಗಿದ್ದಾರೆ.'

ಈ ಮೂರು ವಾಕ್ಯ ಅಚ್ಚಾದ ಮೇಲೆ ಬೇರೆ ಬೇರೆ ಶಾಖೆಗಳಿಂದ ಅವರಿಗೆ ಕರೆಗಳು ಬಂದವು. ಆ ಚುಕ್ಕೆಯನ್ನು ವರ್ಷಗಟ್ಟಲೆ ಕಂಡವರು, ಅದರ ಅರ್ಥ ಅಂದೇ ತಿಳಿದವರು ಫೋನ್ ಮಾಡಿದ್ದರು.

ವರ್ಗಾವಣೆಯ ಸುದ್ದಿಯಲ್ಲಿ ಎಲ್ಲಿಂದ ಎಲ್ಲಿಗೆ ಎಂಬುದರ ಜೊತೆಗೆ, ಇನ್ನು ಮುಂದೆ ಯಾವ ಕೆಲಸಕ್ಕೆ ಅವರನ್ನು ಕೇಳಬೇಕು, ಅವರು ಬಿಟ್ಟ ಕೆಲಸಕ್ಕೆ ಯಾರನ್ನು ಕೇಳಬೇಕು ಎಂಬುದನ್ನೂ ಬರೆಯಿರಿ. ಸುದ್ದಿಪತ್ರವನ್ನು ಮೇಜಿನ ಗಾಜಿನಡಿ ಇಟ್ಟುಕೊಳ್ಳುವವರು ಇದಕ್ಕಾಗಿಯೇ ಇಟ್ಟುಕೊಳ್ಳುತ್ತಾರೆ. ಮದುವೆ, ಮಗು, ಬಡ್ತಿ ಚಿಕ್ಕದಾಗಿಯೇ ಇರಲಿ. ಪರೀಕ್ಷೆಯ ಸುದ್ದಿಯನ್ನು ಮಾತ್ರ ಚಿಕ್ಕದು ಮಾಡಬೇಡಿ. ವಿಮಾ ವೃತ್ತಿಯ ಪರೀಕ್ಷೆಗಳನ್ನು ಜನ ಕೆಲಸ ಮುಗಿಸಿ, ಮನೆಯ ಗದ್ದಲ ಅಡಗಿದ ಮೇಲೆ ಓದಿ ಬರೆಯುತ್ತಾರೆ. ಆಕ್ಚುಯರಿ, ಅಂದರೆ ಅಪಾಯವನ್ನೂ ಪ್ರೀಮಿಯಮ್ಮನ್ನೂ ಲೆಕ್ಕಹಾಕುವ ಗಣಿತ ತಜ್ಞರು, ಆಗಬೇಕೆಂದವರಂತೂ ಒಂದೊಂದೇ ಪತ್ರಿಕೆ ದಾಟುತ್ತಾ ವರ್ಷಗಟ್ಟಲೆ ಓದುತ್ತಾರೆ. ಕೊನೆಯ ಪತ್ರಿಕೆಯವರೆಗೆ ಕಾಯದೆ, ಒಂದು ಪತ್ರಿಕೆ ತೇರ್ಗಡೆಯಾದರೂ ಹೆಸರು ಹಾಕಿ.

ಸಾವಿನ ಸುದ್ದಿಗೆ ಅವಸರ ಬೇಡ. ಕುಟುಂಬದವರಲ್ಲಿ ಒಬ್ಬರೊಂದಿಗೆ ಮಾತಾಡದೆ ಒಂದಕ್ಷರವೂ ಹೋಗಕೂಡದು. ಕಾಯಿಲೆಯ ಹೆಸರು ಬೇಡ, ಹೇಗಾಯಿತು ಎಂಬ ವಿವರ ಬೇಡ. ಅವರ ಜೊತೆ ಹತ್ತಿರದಿಂದ ದುಡಿದ ಒಬ್ಬರ ನಾಲ್ಕು ಮಾತು ಸಾಕು. ಅದೇ ಪುಟದಲ್ಲಿ ಆಟೋಟದ ನಗುಮುಖದ ಚಿತ್ರ ಬಾರದಂತೆ ಪುಟ ಕಟ್ಟುವಾಗ ನೋಡಿಕೊಳ್ಳಿ. ಇದನ್ನು ನಾನು ಹೇಳುತ್ತಿರುವುದು ಒಮ್ಮೆ ನೋಡಿಕೊಳ್ಳದೆ ಹೋದದ್ದರಿಂದ.

5. ಏನನ್ನು ಹಾಕಬಾರದು

ಗ್ರಾಹಕರ ವಿಷಯ, ಹೆಸರಿಲ್ಲದಿದ್ದರೂ ಗುರುತು ಸಿಗುವಂತಿದ್ದರೆ, ಎಷ್ಟೇ ನಗು ತರಿಸಿದರೂ ಬೇಡ. 1766ರಲ್ಲಿ ಲಂಡನ್ನಿನ ನ್ಯಾಯಾಧೀಶ ಲಾರ್ಡ್ ಮ್ಯಾನ್ಸ್‌ಫೀಲ್ಡ್ ಕಾರ್ಟರ್ ಮತ್ತು ಬೋಮ್ ನಡುವಿನ ಮೊಕದ್ದಮೆಯಲ್ಲಿ ವಿವರಿಸಿದ ತತ್ವವೊಂದರ ಮೇಲೆ ನಮ್ಮ ವೃತ್ತಿ ನಿಂತಿದೆ. ಅಪಾಯವನ್ನು ಅಳೆಯಲು ಬೇಕಾದ ಸಂಗತಿಗಳು ಹೆಚ್ಚಾಗಿ ವಿಮೆ ಮಾಡಿಸುವವರಿಗೆ ಮಾತ್ರ ಗೊತ್ತಿರುತ್ತವೆ, ಆದ್ದರಿಂದ ಅವರು ಮುಚ್ಚಿಡದೆ ಹೇಳಬೇಕು ಎಂಬುದು ಅದರ ಸಾರ. ಹಾಗೆ ನಂಬಿ ಹೇಳಿಕೊಂಡ ಕಾಯಿಲೆ, ಸಾಲ, ಕಳ್ಳತನದ ಕಥೆಗಳೇ ನಮ್ಮ ಕಪಾಟುಗಳಲ್ಲಿರುವುದು. ಅವು ಊಟದ ಮೇಜಿನ ಮಾತಾಗುವುದೇ ತಪ್ಪು, ಅಚ್ಚಾಗುವುದಂತೂ ದೂರದ ಮಾತು.

ಸಿಬ್ಬಂದಿಯ ವಿಷಯದಲ್ಲೂ ಗೆರೆ ಇದೆ. ಅನಾರೋಗ್ಯದ ರಜೆಯ ಕಾರಣ, ಶಿಸ್ತು ಕ್ರಮ, ಮುರಿದ ಮದುವೆ, ಇನ್ನೂ ಹುಟ್ಟದ ಮಗು ಇವು ಸುದ್ದಿಯಲ್ಲ. ಹುಟ್ಟುಹಬ್ಬಕ್ಕೆ ದಿನ ಮತ್ತು ತಿಂಗಳು ಸಾಕು, ಹುಟ್ಟಿದ ವರ್ಷ ಯಾರಿಗೂ ಬೇಕಿಲ್ಲ. ಯಾರಾದರೂ ಮುಂದಿನ ತಿಂಗಳು ಸಂಸಾರ ಸಮೇತ ಎರಡು ವಾರ ಪ್ರವಾಸ ಹೋಗುತ್ತಾರೆ ಎಂಬ ಸುದ್ದಿಯನ್ನು ಅವರು ಮರಳಿದ ಮೇಲೆ ಹಾಕಿ. ಮನೆ ಖಾಲಿ ಇದೆ ಎಂದು ಮುಂಚೆಯೇ ಸಾರುವ ಬುದ್ಧಿ ಮನೆಗಳ್ಳತನಕ್ಕೆ ಪಾಲಿಸಿ ಮಾರುವವರಿಗೆ ಇರಕೂಡದು.

ಒಪ್ಪಿಗೆಯ ನಿಯಮ ಸರಳ. ಯಾರ ಸುದ್ದಿಯೋ ಅವರೇ ಕೊನೆಯ ರೂಪವನ್ನು ಓದಿ 'ಆಗಲಿ' ಎನ್ನಬೇಕು. ಪಕ್ಕದ ಮೇಜಿನವರು ಎಂದರೆ ಸಾಲದು, ವ್ಯವಸ್ಥಾಪಕರು ಎಂದರೂ ಸಾಲದು. ಮಕ್ಕಳ ಚಿತ್ರಕ್ಕೆ ತಂದೆತಾಯಿಯ ಒಪ್ಪಿಗೆಯನ್ನು ಬರಹದಲ್ಲೇ ಪಡೆಯಿರಿ.

6. ಕೂಟಗಳು: ಸುದ್ದಿ ತಾನಾಗಿ ಬರದಿದ್ದರೆ

ಸುದ್ದಿಪತ್ರದ ಕೆಲಸ ಹಿಡಿದವರ ಕೊರಳಿಗೆ ಬೇಗನೆ ಕೂಟಗಳ ಏರ್ಪಾಡೂ ಬೀಳುತ್ತದೆ. ವಿಮಾ ಶಾಖೆಗೆ ಇದರಲ್ಲಿ ಒಂದು ತೊಡಕಿದೆ. ಕೆಲಸದ ದಿನ ಕೌಂಟರ್ ಮುಚ್ಚುವಂತಿಲ್ಲ. ಪ್ರೀಮಿಯಂ ಕಟ್ಟಲು ಕೊನೆಯ ದಿನವೆಂದು ಓಡಿಬಂದವರಿಗೆ ಬಾಗಿಲಲ್ಲಿ 'ಇಂದು ಕ್ರೀಡಾಕೂಟ' ಎಂಬ ಚೀಟಿ ಕಾಣಿಸಿದರೆ ಅವರ ಪಾಲಿಸಿಯ ಗತಿಯೇನು? ಆದ್ದರಿಂದ ಎರಡು ಶಾಖೆಗಳನ್ನು ಜೋಡಿಯಾಗಿಸಿ. ಒಂದು ಶಾಖೆಯ ಅರ್ಧ ಮಂದಿ ಮತ್ತು ಇನ್ನೊಂದರ ಅರ್ಧ ಮಂದಿ ಒಂದು ದಿನ, ಉಳಿದವರು ಇನ್ನೊಂದು ದಿನ. ಖರ್ಚು ತುಸು ಹೆಚ್ಚು, ಆದರೆ ಒಂದೇ ಶಾಖೆಯವರು ತಮ್ಮತಮ್ಮಲ್ಲೇ ಗುಂಪುಕಟ್ಟಿ ಕೂರುವುದು ತಪ್ಪುತ್ತದೆ. ದನಿಗಳು ಮುಖಗಳಾಗುವುದು ಅಲ್ಲಿಯೇ.

ಸಂಜೆಯ ಕೂಟಗಳನ್ನು ನಾನು ಇಷ್ಟಪಡುವುದಿಲ್ಲ. ಪುಟ್ಟ ಮಕ್ಕಳಿರುವವರು, ಮನೆಯಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವವರು, ಕೊನೆಯ ಬಸ್ಸು ಹಿಡಿಯಬೇಕಾದವರು ಬರುವುದಿಲ್ಲ. ಬಾರದಿದ್ದವರ ಬಗ್ಗೆ 'ಅವರು ಬೆರೆಯುವವರಲ್ಲ' ಎಂಬ ಮಾತು ಹುಟ್ಟುತ್ತದೆ. ನಡುಹಗಲಿನ ಎರಡು ಗಂಟೆ ಸಾಕು. ಚಂದಾ ಎತ್ತುವುದಾದರೆ ಎಲ್ಲರಿಂದ ಒಂದೇ ಮೊತ್ತ ಬೇಡ. ಮುಚ್ಚಿದ ಲಕೋಟೆಯಲ್ಲಿ ಇಷ್ಟವಿದ್ದಷ್ಟು ಹಾಕಲಿ, ಯಾರು ಎಷ್ಟು ಹಾಕಿದರೆಂಬ ಪಟ್ಟಿ ಗೋಡೆಗೆ ಏರದಿರಲಿ. ಖರ್ಚಿನ ಲೆಕ್ಕ ಮಾತ್ರ ಪೈಸೆ ಬಿಡದೆ ಗೋಡೆಗೆ ಏರಲಿ.

ಏಜೆಂಟರನ್ನು ಕರೆಯಬೇಕೇ ಬೇಡವೇ ಎಂಬ ಚರ್ಚೆ ಪ್ರತಿ ಬಾರಿಯೂ ಏಳುತ್ತದೆ. ಅವರು ಕಮಿಷನ್ನಿನ ಮೇಲೆ ದುಡಿಯುವವರು, ಸಂಬಳದ ಪಟ್ಟಿಯಲ್ಲಿಲ್ಲ, ಹಾಗಾಗಿ ಸಿಬ್ಬಂದಿಯಲ್ಲ ಎನ್ನುವುದು ಒಂದು ವಾದ. ಆದರೆ ಅವರಲ್ಲಿ ಕೆಲವರು ಶಾಖೆಯ ಬೆಂಚಿನಲ್ಲಿ ಇಪ್ಪತ್ತು ವರ್ಷ ಕುಳಿತಿರುತ್ತಾರೆ, ಅಷ್ಟರಲ್ಲಿ ಮೂವರು ನಾಲ್ವರು ವ್ಯವಸ್ಥಾಪಕರು ಬಂದು ಹೋಗಿರುತ್ತಾರೆ. ನನ್ನ ಮತ ಕರೆಯಿರಿ ಎಂದೇ. ಆದರೆ ವ್ಯಾಪಾರದ ಬಹುಮಾನ ವಿತರಣೆಯನ್ನು ಅದೇ ಕೂಟಕ್ಕೆ ತಂದು ಸೇರಿಸಬೇಡಿ. ವೇದಿಕೆಯಲ್ಲಿ ಅಂಕಿ ಓದಲು ಶುರುಮಾಡಿದ ಕ್ಷಣದಿಂದ ಕೂಟ ಸಭೆಯಾಗುತ್ತದೆ, ಜನ ಗಡಿಯಾರ ನೋಡತೊಡಗುತ್ತಾರೆ.

ಗುಂಪು ಚಿತ್ರ ತೆಗೆದ ತಕ್ಷಣ, ಜನ ಚದುರುವ ಮೊದಲು, ಎಡದಿಂದ ಬಲಕ್ಕೆ ಹೆಸರು ಬರೆದುಕೊಳ್ಳಿ. ಹಿಂದಿನ ಸಾಲಿನ ಕೊನೆಯಲ್ಲಿ ಅರ್ಧ ಮುಖ ಕಾಣುವವರನ್ನೂ ಬಿಡಬೇಡಿ. 'ಮತ್ತಿತರರು' ಎಂಬ ಪದವನ್ನು ನಾನು ಸುದ್ದಿಪತ್ರದಿಂದಲೇ ಹೊರಗಿಟ್ಟಿದ್ದೆ.

7. ಅಚ್ಚಿಗೆ ಮೊದಲು ಮೂರು ಬಾರಿ, ತಪ್ಪಾದರೆ ಒಂದೇ ಬಾರಿ

ಮೊದಲ ಓದು ಹೆಸರುಗಳಿಗೆ ಮಾತ್ರ, ಎರಡನೆಯದು ದಿನಾಂಕ ಮತ್ತು ಹುದ್ದೆಗೆ, ಮೂರನೆಯದು ಗಟ್ಟಿಯಾಗಿ, ಬೇರೊಬ್ಬರ ಕಿವಿಗೆ. ಹೆಸರನ್ನು ಸಂಬಳದ ಪಟ್ಟಿಯಲ್ಲಿರುವಂತೆ ಹಾಕಬೇಡಿ. ಅದು ಗಣಕಯಂತ್ರಕ್ಕೆಂದು ಮೊಟಕಾದ ರೂಪ. ಅವರು ಸ್ವತಃ ಹೇಗೆ ಬರೆಯುತ್ತಾರೋ ಹಾಗೆ ಹಾಕಿ.

ಇಷ್ಟೆಲ್ಲ ಮಾಡಿಯೂ ನಾನು ಒಮ್ಮೆ ಒಬ್ಬರನ್ನು ಹನ್ನೊಂದು ವರ್ಷ ಮುಂಚೆಯೇ ನಿವೃತ್ತಗೊಳಿಸಿದೆ. ಎರಡು ಶಾಖೆಗಳಲ್ಲಿ ಒಂದೇ ಹೆಸರಿನ ಇಬ್ಬರಿದ್ದರು, ಇನಿಷಿಯಲ್ ಕೂಡ ಒಂದೇ. ಅಚ್ಚಾದದ್ದು ತಪ್ಪು ಶಾಖೆಯ ಹೆಸರಿನೊಂದಿಗೆ. ಆ ವಾರವೆಲ್ಲ ಅವರಿಗೆ ಶುಭಾಶಯದ ಕರೆಗಳು. ಅವರ ಏಜೆಂಟರೊಬ್ಬರು ಪಿಂಚಣಿ ಯೋಜನೆಯ ಅರ್ಜಿಯನ್ನೇ ತುಂಬಿಸಿಕೊಂಡು ಬಂದಿದ್ದರಂತೆ. ಅವರು ನನಗೆ ಫೋನ್ ಮಾಡಿ ಬೈಯಲಿಲ್ಲ. 'ಹಾಗಾದರೆ ನಾಳೆಯಿಂದ ಬರಬೇಕಾಗಿಲ್ಲವೇ?' ಎಂದಷ್ಟೇ ಕೇಳಿದರು. ನಿಜವಾಗಿ ನಿವೃತ್ತರಾದವರಿಗೆ ಮಾತ್ರ ಒಂದು ಕರೆಯೂ ಹೋಗಿರಲಿಲ್ಲ, ಆ ಲೆಕ್ಕ ಇಂದಿಗೂ ನನ್ನ ಮೇಲಿದೆ.

ತಪ್ಪಾದರೆ ಮುಂದಿನ ಸಂಚಿಕೆಯ ಮೊದಲ ಪುಟದಲ್ಲಿ, ತಪ್ಪು ಬಂದಷ್ಟೇ ದೊಡ್ಡ ಅಕ್ಷರದಲ್ಲಿ ತಿದ್ದುಪಡಿ ಹಾಕಿ. 'ಕೈತಪ್ಪಿನಿಂದ', 'ತಾಂತ್ರಿಕ ಕಾರಣದಿಂದ' ಎಂಬ ಅಡ್ಡಮಾತು ಬೇಡ. ತಿದ್ದುಪಡಿಯ ಗೋಜು ಈ ವೃತ್ತಿಗೆ ಹೊಸದಲ್ಲ. ಹಡಗು ವಿಮೆಯವರು ಸೇರುತ್ತಿದ್ದ ಲಂಡನ್ನಿನ ಕಾಫಿ ಅಂಗಡಿಯ ಒಡೆಯ ಎಡ್ವರ್ಡ್ ಲಾಯ್ಡ್ 1696ರಲ್ಲಿ ಲಾಯ್ಡ್ಸ್ ನ್ಯೂಸ್ ಎಂಬ ಸುದ್ದಿಹಾಳೆ ಹೊರಡಿಸಿದ. ಅಲ್ಲಿನ ಸಂಸತ್ತಿನ ಮೇಲ್ಮನೆಯಾದ ಹೌಸ್ ಆಫ್ ಲಾರ್ಡ್ಸ್ ಕಲಾಪದ ಬಗ್ಗೆ ಬಂದ ಒಂದು ಸುದ್ದಿಯನ್ನು ತಿದ್ದಬೇಕೆಂಬ ಸೂಚನೆ ಬಂದದ್ದೇ, ಮರುವರ್ಷ ಹಾಳೆಯನ್ನೇ ನಿಲ್ಲಿಸಿಬಿಟ್ಟ. ನೀವು ಲಾಯ್ಡ್‌ನಂತೆ ಮುನಿಸಿಕೊಳ್ಳಬೇಡಿ, ತಿದ್ದಿ ಮುಂದುವರಿಯಿರಿ.

8. ತಲುಪಿಸಿ, ಆಮೇಲೆ ಗೀಟು ಹಾಕಿ

ಇಮೇಲಿನಲ್ಲಿ ಕಳಿಸಿದರೆ ಎಲ್ಲರಿಗೂ ತಲುಪಿತು ಎಂದುಕೊಳ್ಳಬೇಡಿ. ವಾಹನ ಚಾಲಕರು, ಕಾವಲುಗಾರರು, ಕಡತದ ಕೋಣೆಯವರಿಗೆ ಕಚೇರಿಯ ಇಮೇಲ್ ಇರುವುದಿಲ್ಲ. ಪ್ರತಿ ಶಾಖೆಗೆ ಕೆಲವು ಮುದ್ರಿತ ಪ್ರತಿ ಹೋಗಲಿ, ಒಂದು ಸೂಚನಾ ಫಲಕಕ್ಕೆ. ನಿವೃತ್ತರಲ್ಲಿ ಬೇಕೆಂದವರಿಗೆ ಮನೆಯ ವಿಳಾಸಕ್ಕೆ ಕಳಿಸಿ, ಅವರಷ್ಟು ಗಮನವಿಟ್ಟು ಓದುವವರು ಬೇರೆ ಸಿಗುವುದಿಲ್ಲ.

ಕೊನೆಗೆ ಒಂದು ನೋಟುಪುಸ್ತಕ. ಎಲ್ಲ ಶಾಖೆಗಳ ಎಲ್ಲರ ಹೆಸರನ್ನೂ ಅದರಲ್ಲಿ ಬರೆದಿಡಿ. ಯಾರ ಹೆಸರು ಸುದ್ದಿಪತ್ರದಲ್ಲಿ ಬಂದರೂ ಅವರ ಮುಂದೆ ಒಂದು ಗೀಟು ಎಳೆಯಿರಿ. ವರ್ಷದ ಕೊನೆಗೆ ಪುಸ್ತಕ ತೆರೆದರೆ ಕೆಲವರ ಮುಂದೆ ಐದಾರು ಗೀಟು, ಕೆಲವರ ಮುಂದೆ ಒಂದೂ ಇರುವುದಿಲ್ಲ. ಮುಂದಿನ ವರ್ಷದ ಮೊದಲ ಕರೆ ಹೋಗಬೇಕಾದದ್ದು ಗೀಟಿಲ್ಲದ ಹೆಸರುಗಳ ಶಾಖೆಗಳಿಗೆ. ಮೊದಲ ಬಾರಿ ಹೀಗೆ ಎಣಿಸಿದಾಗ ನನ್ನ ಪುಸ್ತಕದಲ್ಲಿ 23 ಹೆಸರು ಉಳಿದಿದ್ದವು. ಅವುಗಳಲ್ಲಿ ಒಂಬತ್ತು ನಾನು ಕುಳಿತಿದ್ದ ಕಚೇರಿಯವೇ.